ಒಂದೇ ರಾತ್ರಿಯಲ್ಲಿ ಮೈ ಬದಲಾದರೆ ಕಥೆ ಎಲ್ಲಿ ಬೆಳೆಯಬೇಕು?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ವಯಸ್ಸು 31, ಹೈಸ್ಕೂಲ್ ಟೀಚರ್. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 2094ರ ಹುಬ್ಬಳ್ಳಿಯಲ್ಲಿ. ಅಲ್ಲಿ ‘ತೊಟ್ಟಿಲು’ ಎಂಬ ಯಂತ್ರ ಇದೆ. ಸಂಜೆ ಅದರಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬಯಸಿದ ಮೈ ಸಿಕ್ಕಿರುತ್ತದೆ. ನನ್ನ ನಾಯಕಿ ಹುಟ್ಟಿದಾಗ ದಾಖಲೆಯಲ್ಲಿ ಗಂಡು. ತನಗೆ ತಾನೇ ಇಟ್ಟುಕೊಂಡ ಹೆಸರು ಇಳಾ. ಒಟ್ಟು 14 ಅಧ್ಯಾಯ. ಮೊದಲ 12ರಲ್ಲಿ ಅಪ್ಪನ ಹೊಡೆತ, ಶಾಲೆಯಲ್ಲಿ ಗೇಲಿ, ಮನೆ ಬಿಡುವುದು, ಬೀದಿ. 13ರಲ್ಲಿ ತೊಟ್ಟಿಲು. 14ರಲ್ಲಿ ಕನ್ನಡಿ ಮುಂದೆ ನಿಂತು ಖುಷಿಯಿಂದ ಅಳುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಡಾಕ್ಟರ್ ಗೆಳತಿಯೊಬ್ಬಳು ‘ಇಂಥ ಯಂತ್ರ ಆಗೋದೇ ಇಲ್ಲ’ ಎಂದಳು. ಇನ್ನೊಬ್ಬರು ‘ಇವಳು ಬೆಳೆಯೋದು ಎಲ್ಲಿ?’ ಎಂದು ಕೇಳಿದರು. ಟ್ರಾನ್ಸ್ ಮಹಿಳೆಯಾದ, ಅಂದರೆ ಇಳಾಳ ಹಾಗೇ ಇರುವ ಒಬ್ಬ ಸ್ನೇಹಿತೆ ಹತ್ತು ಪುಟ ಓದಿ, ಏನೂ ಹೇಳದೆ ವಾಪಸ್ ಕೊಟ್ಟಳು. ಆಮೇಲೆ ಫೋನೂ ಇಲ್ಲ. ನನ್ನ ಅಮ್ಮ ಹಸ್ತಪ್ರತಿ ನೋಡಿ ‘ನೀನೂ ಹಾಗೇನಾ?’ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಯಂತ್ರ ತೆಗೆಯಲಾ? ನನಗೆ ಇದನ್ನು ಬರೆಯುವ ಹಕ್ಕಾದರೂ ಇದೆಯಾ?

ಉತ್ತರ: ನೀವು ಕಳಿಸಿದ ಅಧ್ಯಾಯಗಳನ್ನು ಎರಡು ಸಲ ಓದಿದೆ. ನಾನು ಸಾಹಿತ್ಯ ವಿಮರ್ಶಕಿ ಅಲ್ಲ, ಆಪ್ತಸಮಾಲೋಚಕಿ. ಹದಿನೆಂಟು ವರ್ಷದಿಂದ ಟ್ರಾನ್ಸ್ ವ್ಯಕ್ತಿಗಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈಚೆಗೆ ಕಥೆ ಬರೆಯುವವರೂ ಹಸ್ತಪ್ರತಿ ಹಿಡಿದು ಬರುತ್ತಾರೆ. ಆ ಅನುಭವದಿಂದ ಹೇಳುತ್ತೇನೆ.

ನೀವು ಕೇಳಿರುವುದು ಯಂತ್ರದ ಬಗ್ಗೆ. ಆದರೆ ಕಾಗದದ ಒಳಗೆ ಬೇರೆ ಒಂದು ಅಳುಕು ಇದೆ. ಇಳಾ ಓದುಗರಿಗೆ ಒಬ್ಬ ಮನುಷ್ಯಳಾಗಿ ಕಾಣುತ್ತಾಳಾ, ಇಲ್ಲ ಬರೀ ಒಂದು ಮೈಯಾಗಿ ಕಾಣುತ್ತಾಳಾ? ನಿಮ್ಮ ಸ್ನೇಹಿತೆ ಸುಮ್ಮನಾಗಿದ್ದಕ್ಕೂ, ‘ಬೆಳೆಯೋದು ಎಲ್ಲಿ’ ಎಂಬ ಪ್ರಶ್ನೆಗೂ ಕಾರಣ ಒಂದೇ ಇರಬಹುದು ಅಂತ ನನಗೆ ಅನಿಸುತ್ತದೆ.

ಯಂತ್ರವನ್ನು ತೆಗೆಯಬೇಡಿ. ಆಗದ್ದನ್ನು ಆಗಿಸಿ ನೋಡುವುದೇ ಇಂಥ ಕಾದಂಬರಿಯ ಕೆಲಸ. ನಮ್ಮಲ್ಲಿ ಇದು ಹೊಸದೂ ಅಲ್ಲ. ಮಹಾಭಾರತದ ಶಿಖಂಡಿಯ ಕಥೆ ನೆನಪಿಸಿಕೊಳ್ಳಿ. ದ್ರುಪದನ ಮಗಳಾಗಿ ಹುಟ್ಟಿ, ಮಗನಾಗಿ ಬೆಳೆದು, ದಶಾರ್ಣದ ರಾಜನ ಮಗಳನ್ನು ಮದುವೆಯಾದ ಶಿಖಂಡಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಸ್ಥೂಣ ಎಂಬ ಯಕ್ಷ ತನ್ನ ಗಂಡುತನವನ್ನು ಸ್ವಲ್ಪ ದಿನದ ಮಟ್ಟಿಗೆ ಕೊಟ್ಟು, ಇವನ ಹೆಣ್ಣುತನವನ್ನು ತಾನು ಇಟ್ಟುಕೊಳ್ಳುತ್ತಾನೆ. ಒಂದು ಗಳಿಗೆಯಲ್ಲಿ ಮೈ ಬದಲು. ನಿಮ್ಮ ತೊಟ್ಟಿಲೂ ಅದೇ ಅಲ್ವಾ? ಆದರೆ ಆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಾವ ನಂಬುವುದಿಲ್ಲ. ಅಳಿಯ ಗಂಡು ಹೌದೋ ಅಲ್ಲವೋ ಎಂದು ನೋಡಿಬರಲು ಹೆಂಗಸರನ್ನು ಕಳಿಸುತ್ತಾನೆ. ಆ ಕಡೆ ಕುಬೇರ ಸಿಟ್ಟಾಗಿ, ಶಿಖಂಡಿ ಸಾಯುವವರೆಗೂ ಯಕ್ಷ ಹೆಣ್ಣಾಗಿಯೇ ಇರಲಿ ಎಂದು ಶಾಪ ಕೊಡುತ್ತಾನೆ. ಕೊಟ್ಟವನು ಬೆಲೆ ತೆರುತ್ತಾನೆ, ಪಡೆದವನನ್ನು ಊರು ಪರೀಕ್ಷೆ ಮಾಡುತ್ತದೆ. ಆ ಕಥೆ ಇಷ್ಟು ಕಾಲ ಉಳಿದಿರುವುದು ಈ ಕಾರಣಕ್ಕೆ ಎಂದು ನನ್ನ ನಂಬಿಕೆ. ಮೈ ಬದಲಾದದ್ದು ಒಂದು ಸಾಲು. ಆಮೇಲೆ ಆದದ್ದು ಕಥೆ.

ನೀವು ಇಳಾ ಎಂಬ ಹೆಸರನ್ನು ಬೇಕಂತಲೇ ಆರಿಸಿದ್ದೀರಿ ಅನಿಸುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ಬರುವ ಇಲ ರಾಜ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ಅದರಲ್ಲಿ ಒಂದು ಸಣ್ಣ ವಿವರ ಇದೆ. ಗಂಡಾಗಿದ್ದಾಗ ಹೆಣ್ಣಾಗಿದ್ದ ತಿಂಗಳು ನೆನಪಿರುವುದಿಲ್ಲ. ಹೆಣ್ಣಾಗಿದ್ದಾಗ ಗಂಡಾಗಿದ್ದದ್ದು ನೆನಪಿರುವುದಿಲ್ಲ. ವರದ ಜೊತೆಗೇ ಮರೆವು. ನಿಮ್ಮ 14ನೇ ಅಧ್ಯಾಯದ ಇಳಾಳಿಗೂ ಅದೇ ಮರೆವು ಬಂದುಬಿಟ್ಟಿದೆ. ಕನ್ನಡಿ ಮುಂದೆ ನಿಂತವಳಿಗೆ ಹಿಂದಿನ 12 ಅಧ್ಯಾಯ ನೆನಪೇ ಇಲ್ಲ. ನಾನು ಕಂಡ ಯಾರಿಗೂ ಆ ಮರೆವು ಸಿಕ್ಕಿಲ್ಲ. ಹಳೆಯ ಹೆಸರಲ್ಲಿ ಗೆದ್ದ ಕಬಡ್ಡಿ ಪದಕ, ಹಳೆಯ ಹೆಸರಿನ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡು, ಆ ಹೆಸರು ಹಿಡಿದು ಕರೆಯುತ್ತಿದ್ದ ತೀರಿಹೋದ ತಾತ, ಎಲ್ಲವನ್ನೂ ಎತ್ತಿಕೊಂಡೇ ಮುಂದೆ ಹೋಗುತ್ತಾರೆ. ಕೆಲವರು ಪದಕ ಎಸೆಯುತ್ತಾರೆ. ಕೆಲವರು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಾರೆ. ಎಸೆದವರೂ ಎಲ್ಲಿ ಎಸೆದೆ ಎಂದು ಹೇಳಬಲ್ಲರು.

ಈಗ ‘ಬೆಳೆಯೋದು ಎಲ್ಲಿ’ ಎಂಬ ಪ್ರಶ್ನೆಗೆ ಬರುತ್ತೇನೆ. ತೊಟ್ಟಿಲು ಇಳಾಳಿಗೆ ಮೈ ಕೊಟ್ಟು, ಅವಳ ಕಾಲವನ್ನು ನುಂಗಿಬಿಟ್ಟಿದೆ. ಬೆಳೆಯುವುದಕ್ಕೆ ಕಾಲ ಬೇಕು. ಇವತ್ತಿನ ವೈದ್ಯಕೀಯದಲ್ಲಿ ಆ ಕಾಲ ಎಷ್ಟು ಎಂದು ಹೇಳಿದರೆ ನಿಮಗೆ ಅಂದಾಜಾಗುತ್ತದೆ. ಟ್ರಾನ್ಸ್ ಮಹಿಳೆಯೊಬ್ಬರು ಹಾರ್ಮೋನ್ ತಜ್ಞರ ಬಳಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಶುರು ಮಾಡಿದರೆ ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯಲು ಶುರುವಾಗುತ್ತದೆ. ಪೂರ್ತಿ ಬೆಳೆಯಲು ಎರಡು ಮೂರು ವರ್ಷ. ಚರ್ಮ ನಿಧಾನಕ್ಕೆ ಮೆತ್ತಗಾಗುತ್ತದೆ, ಕೊಬ್ಬು ಸೊಂಟದ ಕಡೆ ಸರಿಯುತ್ತದೆ. ಆದರೆ ಒಮ್ಮೆ ಬಂದ ಗಡ್ಡ ಮಾತ್ರೆಯಿಂದ ಹೋಗುವುದಿಲ್ಲ. ಅದಕ್ಕೆ ಲೇಸರ್ ಅಥವಾ ವಿದ್ಯುತ್ತಿನಿಂದ ಕೂದಲ ಬೇರು ಸುಡುವ ಎಲೆಕ್ಟ್ರಾಲಿಸಿಸ್, ಅದೂ ತಿಂಗಳುಗಟ್ಟಲೆ. ಒಡೆದ ದನಿಯೂ ಮಾತ್ರೆಗೆ ಬದಲಾಗುವುದಿಲ್ಲ. ದನಿಯನ್ನು ದಿನಾ ಅಭ್ಯಾಸ ಮಾಡಿ ಪಳಗಿಸಬೇಕು. ಟ್ರಾನ್ಸ್ ಪುರುಷರಲ್ಲಿ ಇದು ಉಲ್ಟಾ. ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನ್ ತೆಗೆದುಕೊಂಡರೆ ಒಂದು ವರ್ಷದೊಳಗೆ ದನಿ ದಪ್ಪವಾಗುತ್ತದೆ. ಆಮೇಲೆ ಔಷಧಿ ನಿಲ್ಲಿಸಿದರೂ ಹಳೆಯ ದನಿ ವಾಪಸ್ ಬರುವುದಿಲ್ಲ.

ಇದರ ಅಪಾಯವೂ ಗೊತ್ತಿರಲಿ, ಯಾಕೆಂದರೆ ನಿಮ್ಮ 9ನೇ ಅಧ್ಯಾಯದಲ್ಲಿ ಇಳಾ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ಮುಷ್ಟಿಗಟ್ಟಲೆ ನುಂಗುತ್ತಾಳೆ. ಆಮೇಲೆ ಚೆಲುವೆಯಾಗುತ್ತಾಳೆ. ಮೊದಲನೆಯದು ನಿಜ. ಡಾಕ್ಟರ್ ಬಳಿ ಹೋಗಲು ಆಗದವರು, ಹೆದರಿದವರು ಹೀಗೆ ಮಾಡುವುದನ್ನು ನಾನು ಕಂಡಿದ್ದೇನೆ. ಎರಡನೆಯದು ಅಪಾಯದ ಸುಳ್ಳು. ಆ ಮಾತ್ರೆಗಳನ್ನು ಜಾಸ್ತಿ ತಿಂದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಇಷ್ಟನ್ನು ದಯವಿಟ್ಟು ತಿದ್ದಿ. ನಿಮ್ಮ ಕಾದಂಬರಿಯನ್ನು ಹದಿನೇಳು ವರ್ಷದ ಒಬ್ಬ ಇಳಾ ಓದುತ್ತಾಳೆ.

ಈ ಎರಡು ಮೂರು ವರ್ಷಗಳಲ್ಲೇ ಜೀವನ ನಡೆಯುತ್ತದೆ. ನೋಡಲು ಚೆನ್ನಾಗಿ ಸೀರೆ ಉಟ್ಟ ಹುಡುಗಿಗೆ ಫೋನಿನಲ್ಲಿ ‘ಹೇಳಿ ಸಾರ್’ ಎನ್ನುತ್ತಾರೆ. ಇಪ್ಪತ್ತಾರರ ಹೆಂಗಸಿಗೆ ಹದಿಮೂರರ ಹುಡುಗಿಯ ಹಾಗೆ ಎದೆ ನೋವು, ಸಿಟ್ಟು, ಅಳು. ಎರಡನೇ ಸಲದ ಹರೆಯ. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂರಬೇಕಾ ಬೇಡವಾ ಎಂಬ ಲೆಕ್ಕ ದಿನಾ ಬೆಳಿಗ್ಗೆ. ಇದರ ನಡುವೆ ಅನುಮಾನವೂ ಬರುತ್ತದೆ. ‘ನಾನು ತಪ್ಪು ಮಾಡಿದೆನಾ?’ ಎಂದು ಒಂದು ರಾತ್ರಿಯಾದರೂ ಕೇಳಿಕೊಳ್ಳದವರು ಕಡಿಮೆ. ಆ ಪ್ರಶ್ನೆ ಬಂತು ಅಂದರೆ ಅವರು ಟ್ರಾನ್ಸ್ ಅಲ್ಲ ಎಂದು ಅರ್ಥ ಅಲ್ಲ. ಮದುವೆಯಾದವರೂ, ಊರು ಬಿಟ್ಟವರೂ, ಕೆಲಸ ಬಿಟ್ಟವರೂ ಅದನ್ನೇ ಕೇಳಿಕೊಳ್ಳುತ್ತಾರಲ್ಲ. ನಿಮ್ಮ ಇಳಾಳಿಗೆ ಅಂಥ ಒಂದು ರಾತ್ರಿಯೂ ಇಲ್ಲ.

ಇನ್ನೊಂದು ವಿಷಯ. ಇದನ್ನು ಕನ್ನಡದಲ್ಲಿ ತುಂಬ ಚೆನ್ನಾಗಿ ಬರೆಯಬಹುದು ಎಂದು ನನಗೆ ಖಾತ್ರಿ ಇದೆ. ನಮ್ಮ ಭಾಷೆಯಲ್ಲಿ ‘ನಾನು ಬಂದೆ’ ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ನಾನು ಎನ್ನುವಾಗ ನಾವೆಲ್ಲ ಬರೀ ನಾವು. ಬೇರೆಯವರು ನಮ್ಮ ಬಗ್ಗೆ ಬಾಯಿ ತೆರೆದ ಕೂಡಲೇ ಬಂದನು, ಬಂದಳು ಎಂದು ಹೊರೆ ಬೀಳುತ್ತದೆ. ಎದುರಿಗೆ ಕರೆದರೂ ಅಷ್ಟೇ. ಬಾರೋ, ಬಾರೇ. ಬಾಯಲ್ಲಿ ಒಂದು ಸ್ವರದ ವ್ಯತ್ಯಾಸ. ಇನ್ನು ‘ಅದು ಬಂತು ನೋಡು’ ಎಂದು ಯಾರಾದರೂ ನಕ್ಕರೆ, ಅದರಷ್ಟು ಆಳಕ್ಕೆ ಇಳಿಯುವ ಚೂರಿ ಇನ್ನೊಂದಿಲ್ಲ. ನೀವು ಇಳಾಳ ಕಥೆಯನ್ನು ಹೊರಗಿನಿಂದ ಹೇಳುತ್ತಿದ್ದೀರಿ. 12 ಅಧ್ಯಾಯ ‘ಅವನು’, 13ರಿಂದ ‘ಅವಳು’. ಓದುಗರಿಗೆ ಇದು ಏನು ಹೇಳುತ್ತದೆ ಗೊತ್ತಾ? ಯಂತ್ರಕ್ಕೆ ಹೋಗುವವರೆಗೆ ಅವಳು ಗಂಡಸೇ ಆಗಿದ್ದಳು ಎಂದು. ನಿಮ್ಮ ಸ್ನೇಹಿತೆ ಹತ್ತು ಪುಟಕ್ಕೆ ನಿಲ್ಲಿಸಿದ್ದು ಬಹುಶಃ ಇಲ್ಲೇ. ಆ ಹತ್ತು ಪುಟಗಳಲ್ಲಿ ಹಳೆಯ ಹೆಸರು 43 ಸಲ ಇದೆ. ನಾನು ಎಣಿಸಿದೆ. ಇಳಾ ಎಂಬ ಹೆಸರು ಒಂದು ಸಲವೂ ಇಲ್ಲ.

ಒಮ್ಮೆ ಇಡೀ ಕಥೆಯನ್ನು ‘ನಾನು’ ಎಂದು ಬರೆದು ನೋಡಿ. ಇಳಾ ತನ್ನ ಬಗ್ಗೆ ಹೇಳಿಕೊಳ್ಳುವಾಗ ಮೊದಲ ಪುಟದಿಂದಲೂ ಅವಳು ಅವಳೇ. ಅಪ್ಪನ ಬಾಯಲ್ಲಿ, ಮೇಷ್ಟರ ಬಾಯಲ್ಲಿ ಮಾತ್ರ ‘ಅವನು’ ಬರುತ್ತದೆ. ಆ ಶಬ್ದ ಬಂದಾಗಲೆಲ್ಲ ಓದುಗರಿಗೂ ಚುಚ್ಚುತ್ತದೆ.

ಒಂದು ಘಟನೆ ಹೇಳುತ್ತೇನೆ. ಅವರಿಬ್ಬರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬ ತಾಯಿ, ಮಗಳು ಎಂಟು ತಿಂಗಳು ನನ್ನ ಬಳಿ ಬಂದರು. ಮಗಳು ಹಾರ್ಮೋನ್ ಶುರು ಮಾಡಿ ಎರಡು ವರ್ಷ ಆಗಿತ್ತು. ತಾಯಿ ಜಗಳವಾಡುತ್ತಿರಲಿಲ್ಲ. ಪ್ರತಿ ಸಲ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತರುತ್ತಿದ್ದರು. ಆದರೆ ಅವರ ಮಾತಿನಲ್ಲಿ ಏನೋ ವಿಚಿತ್ರ ಇತ್ತು. ಮೂರನೇ ಭೇಟಿಗೆ ನನಗೆ ಹೊಳೆಯಿತು. ‘ಊಟ ಆಯ್ತಾ?’ ‘ಬಸ್ಸು ಸಿಕ್ತಾ?’ ‘ನೀರು ಬೇಕಾ?’ ಅಷ್ಟೇ. ಬಾರೋ ಇಲ್ಲ, ಬಾರೇ ಇಲ್ಲ. ಮಗ, ಮಗಳು ಎರಡೂ ಇಲ್ಲ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಂಡು ಮಾತಾಡಲು ಸಾಧ್ಯ, ಆದರೆ ಎಷ್ಟು ಕಷ್ಟ ಅಂತ ನೀವೇ ಒಂದು ದಿನ ಪ್ರಯತ್ನಿಸಿ ನೋಡಿ. ಆ ತಾಯಿ ಸುಳ್ಳು ಹೇಳಲು ತಯಾರಿರಲಿಲ್ಲ, ಮಗುವನ್ನು ನೋಯಿಸಲೂ ತಯಾರಿರಲಿಲ್ಲ. ಹಾಗಾಗಿ ಎರಡೂ ಕಡೆಯ ಸ್ವರ ನುಂಗಿಕೊಂಡು ಬದುಕುತ್ತಿದ್ದರು. ಎಂಟನೇ ತಿಂಗಳು, ಮಳೆ ಬರುತ್ತಿತ್ತು. ಮಗಳು ಮುಂದೆ ಮುಂದೆ ಮೆಟ್ಟಿಲಿಳಿಯುತ್ತಿದ್ದಳು. ತಾಯಿ ಹಿಂದಿನಿಂದ ‘ಕೊಡೆ ತಗೊಳ್ಳೇ’ ಎಂದರು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಮಗಳು ಆ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ತಿರುಗಿ ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ಕೊಡೆ ತೆಗೆದುಕೊಂಡಳು. ಮುಂದಿನ ಭೇಟಿಯಲ್ಲಿ ಇಬ್ಬರೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿಮ್ಮ ತೊಟ್ಟಿಲು ಎಷ್ಟೇ ಜಾಣ ಯಂತ್ರವಾದರೂ ಆ ‘ಓ’ ಅನ್ನು ‘ಏ’ ಮಾಡಲಾರದು.

ಇನ್ನು ಮೊದಲ 12 ಅಧ್ಯಾಯಗಳಲ್ಲಿ ನಂಬಿಕೆ ಮತ್ತು ನಿಜ ಕಲಸಿಹೋದ ಕೆಲವು ಜಾಗ ಇವೆ. ಅಪ್ಪ ಇಳಾಳನ್ನು ಮನೋವೈದ್ಯರ ಬಳಿ ಕರೆದೊಯ್ಯುತ್ತಾನೆ, ಅವರು ‘ಇದು ಕಾಯಿಲೆ, ವಾಸಿ ಮಾಡುತ್ತೇನೆ’ ಎನ್ನುತ್ತಾರೆ. ಅದು 2094. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ಹಾಗೆ ಬಲವಂತವಾಗಿ ಮನಸ್ಸು ಬದಲಿಸುವ ‘ಚಿಕಿತ್ಸೆ’ ವೃತ್ತಿಗೆ ವಿರುದ್ಧದ ತಪ್ಪು ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹಾಗಂತ ಅಂಥ ವೈದ್ಯರು ಇಲ್ಲವೇ ಇಲ್ಲ ಎಂದಲ್ಲ. ನಿಮ್ಮ ಕಥೆಯಲ್ಲಿ ಅವರು ಇರಲಿ, ಆದರೆ ಕದ್ದು ಮಾಡುವವರಾಗಿ ಇರಲಿ.

5ನೇ ಅಧ್ಯಾಯದಲ್ಲಿ ಹೆರಿಗೆ ಮಾಡಿಸಿದ ದಾಯಿ ‘ಹುಟ್ಟುವಾಗಲೇ ಇದಕ್ಕೆ ಎರಡೂ ಇರಲಿಲ್ಲ’ ಎನ್ನುತ್ತಾಳೆ. ಇದು ಜನ ತುಂಬ ನಂಬುವ ಮಾತು. ಹುಟ್ಟುವಾಗ ಜನನಾಂಗ ಅಥವಾ ಕ್ರೋಮೋಸೋಮ್ ಬೇರೆ ಥರ ಇರುವವರು ಅಂತರ್ಲಿಂಗಿಗಳು. ಅದು ಬೇರೆ ವಿಷಯ. ಬಹುಪಾಲು ಟ್ರಾನ್ಸ್ ವ್ಯಕ್ತಿಗಳ ಮೈಯಲ್ಲಿ ಹುಟ್ಟುವಾಗ ಏನೂ ವ್ಯತ್ಯಾಸ ಇರುವುದಿಲ್ಲ. ತಾನು ಯಾರು ಎಂಬ ಅರಿವು ಮಾತ್ರ ಊರು ಕೊಟ್ಟ ಹೆಸರಿಗೆ ಹೊಂದುವುದಿಲ್ಲ. ದಾಯಿ ಹಾಗೆ ಹೇಳಲಿ, ಆದರೆ ಕಥೆ ಅವಳನ್ನು ನಂಬಬಾರದು. ಹಾಗೆಯೇ ಇಳಾ ಯಾರನ್ನು ಪ್ರೀತಿಸುತ್ತಾಳೆ ಎಂಬುದೂ ಬೇರೆ ಪ್ರಶ್ನೆ. ಟ್ರಾನ್ಸ್ ಮಹಿಳೆ ಗಂಡಸನ್ನು ಪ್ರೀತಿಸಬಹುದು, ಹೆಂಗಸನ್ನೂ ಪ್ರೀತಿಸಬಹುದು, ಯಾರನ್ನೂ ಪ್ರೀತಿಸದೆಯೂ ಇರಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪುಕಲ್ಪನೆ ನಿಮ್ಮ ಕಥೆಯ ನಡುಬೆನ್ನಿನಲ್ಲೇ ಇದೆ. ಆಪರೇಷನ್ ಆದರೆ ಮಾತ್ರ ನಿಜವಾದ ಹೆಣ್ಣು ಅನ್ನುವುದು. ಎಷ್ಟೋ ಜನ ಆಪರೇಷನ್ ಬೇಡ ಎನ್ನುತ್ತಾರೆ. ದುಡ್ಡಿಲ್ಲದೆ ಕೆಲವರು, ಆರೋಗ್ಯ ಒಪ್ಪದೆ ಕೆಲವರು, ಸುಮ್ನೆ ಬೇಡ ಅನಿಸಿ ಕೆಲವರು. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ತಾನು ಯಾರು ಎಂದು ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದ್ದೇ, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಎಂದು ಒತ್ತಾಯಿಸುವುದು ತಪ್ಪು ಎಂದಿತು. ಆಮೇಲೆ 2019ರಲ್ಲಿ ಬಂದ ಟ್ರಾನ್ಸ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ತಂದಿತು. ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಲು ಆಪರೇಷನ್ ಆಗಿದೆ ಎಂಬ ಆಸ್ಪತ್ರೆಯ ಚೀಟಿ ಕೇಳಿತು. ಸಮುದಾಯ ಅದನ್ನು ವಿರೋಧಿಸಿದ್ದು ಇದಕ್ಕೇ. ಕಾನೂನು ಬದಲಾಗುತ್ತಲೇ ಇರುತ್ತದೆ, ಅಚ್ಚಿಗೆ ಕೊಡುವ ಮುಂಚೆ ಆವತ್ತಿನ ಸ್ಥಿತಿ ನೋಡಿಕೊಳ್ಳಿ. ಆದರೆ ಒಂದು ಯೋಚನೆ ಮಾಡಿ. ತೊಟ್ಟಿಲು ಇರುವ ಲೋಕದಲ್ಲಿ ಸರ್ಕಾರ ಏನು ಹೇಳುತ್ತದೆ? ‘ಇಷ್ಟು ಸುಲಭ ಇದೆಯಲ್ಲ, ಮಲಗಿ ಎದ್ದು ಬಾ, ಆಮೇಲೆ ರೇಷನ್ ಕಾರ್ಡು’ ಎನ್ನುತ್ತದೆ. ಮಲಗಲು ಒಪ್ಪದವರ ಗತಿ ಏನು? ಅರ್ಧ ಮಾತ್ರ ಬದಲಾಗಲು ಬಯಸಿದವರು? ಬೆರಳಚ್ಚೂ ಕಣ್ಣೂ ಹೊಸದಾದ ಮೇಲೆ ಇಳಾಳ ಬ್ಯಾಂಕ್ ಖಾತೆ ಯಾರದ್ದು? ಅಜ್ಜಿಯ ಹೊಲದ ಪಾಲು ಯಾವ ಹೆಸರಿಗೆ?

ಭಯದ ಭವಿಷ್ಯ ಕಟ್ಟಲು ಕಲ್ಪನೆಯೂ ಜಾಸ್ತಿ ಬೇಕಾಗಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಬ್ರಿಟಿಷರು ಉತ್ತರ ಭಾರತದ ಹಿಜ್ರಾಗಳ ಹೆಸರನ್ನು ಪೊಲೀಸ್ ಪುಸ್ತಕದಲ್ಲಿ ಬರೆಸಿದರು. ಪಟ್ಟಿಯಲ್ಲಿದ್ದವರು ಬೀದಿಯಲ್ಲಿ ಹೆಣ್ಣುಡುಗೆ ತೊಟ್ಟರೆ, ಕುಣಿದರೆ ಜೈಲು. ಇದು ಹಳೆಯ ಕಾಲದ್ದು ಅಂತ ಅಂದುಕೊಳ್ಳಬೇಡಿ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೇ 36ಎ ಎಂಬ ಕಲಮು ಸೇರಿತು. ಅದರಲ್ಲೂ ಇಂಥದೇ ಪಟ್ಟಿ. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅದು ತಿದ್ದುಪಡಿಯಾಯಿತು. ಇದೇ ರಾಜ್ಯ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇ. 1ರ ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯವೂ ಆಯಿತು. ಹತ್ತೇ ವರ್ಷದಲ್ಲಿ ಪಟ್ಟಿಯೂ ಬಂತು, ಮೀಸಲಾತಿಯೂ ಬಂತು. ನಿಮ್ಮ 2094ರಲ್ಲೂ ಎರಡು ಒಟ್ಟಿಗೆ ಇರಲಿ. ಆಗ ಅದು ನಿಜವಾದ ಊರು ಅನಿಸುತ್ತದೆ.

2ನೇ ಅಧ್ಯಾಯದಲ್ಲಿ ಒಂದು ಸಾಲು ನನಗೆ ತುಂಬ ನೋವು ಕೊಟ್ಟಿತು. ‘ತೊಟ್ಟಿಲು ಬಂದ ಮೇಲೆ ಹಮಾಮುಗಳು ಮುಚ್ಚಿದವು, ಜೋಗತಿಯರು ಇಲ್ಲವಾದರು.’ ಹಮಾಮು ಅಂದರೆ ಹಿಜ್ರಾಗಳು ಗುರುವಿನ ಜೊತೆ ಒಟ್ಟಿಗೆ ಬದುಕುವ ಮನೆ. ಒಂದೇ ಸಾಲಿನಲ್ಲಿ ಒಂದು ಲೋಕವನ್ನೇ ಅಳಿಸಿಬಿಟ್ಟಿರಿ. ಹುಬ್ಬಳ್ಳಿಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡ ಎಷ್ಟು ದೂರ ಹೇಳಿ? ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯರ ಕಲೆಯನ್ನು ರಾಜ್ಯದ ವೇದಿಕೆಗೆ ತಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಇದು ಬರೀ ಕಷ್ಟದ ಲೋಕ ಅಲ್ಲ. ಮನೆಯಿಂದ ಹೊರಹಾಕಿದ ಮಗುವಿಗೆ ಗುರು ಎಂಬ ಅಮ್ಮ, ನಾನಿ ಎಂಬ ಅಜ್ಜಿ ಸಿಗುವ ಜಾಗ. ಹಾಗಂತ ಬರೀ ಚೆಂದವೂ ಅಲ್ಲ. ಗುರುವಿಗೆ ತೀರಿಸಬೇಕಾದ ಸಾಲ ಇರುತ್ತದೆ, ಬಿಟ್ಟುಹೋದರೆ ದಂಡ ಇರುತ್ತದೆ, ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದವರಲ್ಲಿ ಒಲ್ಲದ ಮನಸ್ಸಿನವರೂ ಇರುತ್ತಾರೆ. ಯಂತ್ರ ಬಂದ ಮೇಲೂ ಆ ಹಮಾಮು ಇದ್ದಿದ್ದರೆ? ತೊಟ್ಟಿಲಿನಿಂದ ಎದ್ದ ಇಳಾ, ಎಲ್ಲ ಸಿಕ್ಕ ಮೇಲೂ, ಎಲ್ಲಿ ಹೋಗಿ ಊಟ ಮಾಡುತ್ತಾಳೆ? ನನ್ನನ್ನು ಕೇಳಿದರೆ ನಿಮ್ಮ ಕಾದಂಬರಿಯ ಅತ್ಯಂತ ಶ್ರೀಮಂತ ಜಾಗ ಇದು. ಇದನ್ನು ಬಿಡಬೇಡಿ.

ಹಾಗಾದರೆ ಏನು ಮಾಡಬಹುದು? ಯಂತ್ರ ತೆಗೆದು ಪೂರ್ತಿ ಇವತ್ತಿನ ಕಥೆ ಮಾಡಬಹುದು. ಆದರೆ ನಿಮ್ಮ ಕೈಯಲ್ಲಿ ಅದು ಮಾಹಿತಿ ಪುಸ್ತಕ ಆಗಿಬಿಡುವ ಅಪಾಯ ಇದೆ. ತಿಳಿದದ್ದನ್ನೆಲ್ಲ ಹೇಳುವ ಟೀಚರ್ ನೀವು. ಯಂತ್ರವನ್ನು ನಿಧಾನ ಮಾಡಬಹುದು, ಒಂದು ರಾತ್ರಿಯ ಬದಲು ಮೂರು ವರ್ಷ, ವಾರಕ್ಕೊಂದು ರಾತ್ರಿ. ಇದು ನಿಜಕ್ಕೆ ಹತ್ತಿರ, ಆದರೆ ನಡುವಿನಲ್ಲಿ ಕಥೆ ಕುಂಟಬಹುದು. ಇಳಾಳ ತಂಗಿಯ ಕಣ್ಣಿನಿಂದ ಹೇಳಬಹುದು ಎಂದು ನೀವೇ ಬರೆದಿದ್ದೀರಿ. ಅದು ನಿಮಗೆ ಸುಲಭ, ಆದರೆ ಕೊನೆಗೆ ತಂಗಿ ದೊಡ್ಡ ಮನಸ್ಸಿನವಳಾಗಿ, ಇಳಾ ಅವಳಿಗೆ ಒಂದು ಪಾಠ ಅಷ್ಟೇ ಆಗಿಬಿಡುವುದನ್ನು ನಾನು ಬೇರೆ ಹಸ್ತಪ್ರತಿಗಳಲ್ಲಿ ಕಂಡಿದ್ದೇನೆ. ನನಗೆ ಹಿಡಿಸುವುದು ಬೇರೆ. ತೊಟ್ಟಿಲನ್ನು 13ರಿಂದ 4ಕ್ಕೆ ತನ್ನಿ. ಮೈ ಬೇಗ ಸಿಕ್ಕಿಬಿಡಲಿ. ಉಳಿದ ಹತ್ತು ಅಧ್ಯಾಯ ಆ ಮೈಯಲ್ಲಿ ಬದುಕುವುದು. ಇದರ ಅಪಾಯ ಏನೆಂದರೆ ‘ಮೈ ಸಿಕ್ಕರೂ ಸುಖ ಇಲ್ಲ’ ಎಂದು ಓದುಗರು ಅರ್ಥ ಮಾಡಿಕೊಳ್ಳಬಹುದು. ಹಾಗೆ ಆಗದಿರಲು ಅವಳ ಖುಷಿಯನ್ನು ಗಟ್ಟಿಯಾಗಿ ಬರೆಯಿರಿ. ಮೊದಲ ಸಲ ಸೆಕೆಗೆ ಅಂಗಳದಲ್ಲಿ ಮಲಗಿದ್ದು, ಕೆರೆಯಲ್ಲಿ ಈಜಿದ್ದು, ಯಾರೂ ತಿರುಗಿ ನೋಡದೆ ಸಂತೆಯಲ್ಲಿ ಮೆಣಸಿನಕಾಯಿ ಕೊಂಡದ್ದು. ಚಿಕಿತ್ಸೆ ಸಿಕ್ಕವರ ನಿರಾಳ ನಿಜ. ನಾನು ಅದನ್ನು ಮುಖದ ಮೇಲೆ ಕಂಡಿದ್ದೇನೆ.

ಒಂದು ಕೋರಿಕೆ. ಹಳೆಯ ಕರಡಿನಲ್ಲಿ ಇಳಾ ಕೊನೆಗೆ ಪ್ರಾಣ ಬಿಡುತ್ತಿದ್ದಳು, ಆಮೇಲೆ ಬದಲಿಸಿದೆ ಎಂದು ಬರೆದಿದ್ದೀರಿ. ಬದಲಿಸಿದ್ದು ಒಳ್ಳೆಯದಾಯಿತು. ನನ್ನ ಬಳಿ ಬರುವ ಮಕ್ಕಳು ತಮ್ಮಂಥವರ ಕಥೆ ಸಿಕ್ಕರೆ ಮೊದಲು ಕೊನೆಯ ಪುಟ ತೆರೆದು ನೋಡುತ್ತಾರೆ, ಬದುಕಿದ್ದಾರಾ ಎಂದು.

ಸ್ನೇಹಿತೆಯ ವಿಷಯ. ಅವರು ಯಾಕೆ ಸುಮ್ಮನಾದರು ಎಂದು ನಾನು ಊಹಿಸಿದ್ದು ಊಹೆಯೇ. ನೀವೇ ಹೋಗಿ ಕೇಳಿ. ಆದರೆ ‘ನನ್ನ ಕಾದಂಬರಿ ಹೇಗಿದೆ’ ಎಂದು ಶುರು ಮಾಡಬೇಡಿ. ‘ಹತ್ತು ಪುಟ ಓದಿಸಿ ನೋಯಿಸಿದೆನಾ’ ಎಂದು ಕೇಳಿ. ಅವರು ಹೇಳಲು ಇಷ್ಟಪಡದಿದ್ದರೆ ಅಲ್ಲಿಗೆ ಬಿಡಿ. ಅವರು ನಿಮಗೆ ಬಿಟ್ಟಿ ಪಾಠ ಹೇಳಬೇಕಾದ ಹೊಣೆ ಇಲ್ಲ. ಓದಿ ತಿದ್ದಿಕೊಡುವವರು ಬೇಕಿದ್ದರೆ ಸಮುದಾಯದಲ್ಲೇ ಬರಹಗಾರರಿದ್ದಾರೆ, ಸಂಭಾವನೆ ಕೊಟ್ಟು ಕೇಳಿ. ಮತ್ತೆ ಒಂದು ಮಾತು, 7ನೇ ಅಧ್ಯಾಯದ ಬಸ್ ಸ್ಟ್ಯಾಂಡ್ ಪ್ರಸಂಗ ಅವರ ಬದುಕಿನದ್ದೇ ಆಗಿದ್ದರೆ, ಅವರು ಹೂಂ ಅನ್ನುವವರೆಗೆ ಅದು ನಿಮ್ಮದಲ್ಲ. ಹಕ್ಕಿನ ಬಗ್ಗೆ ಕೇಳಿದಿರಲ್ಲ, ನನ್ನ ಉತ್ತರ ಇಷ್ಟೇ. ಬರೆಯಲು ಯಾರ ಅಪ್ಪಣೆಯೂ ಬೇಡ. ಇನ್ನೊಬ್ಬರ ಗಾಯ ಎತ್ತಿಕೊಳ್ಳಲು ಬೇಕು.

ಅಮ್ಮ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ನನಗೂ ಕೊಡಬೇಕಾಗಿಲ್ಲ. ಟ್ರಾನ್ಸ್ ವ್ಯಕ್ತಿಯ ಕಥೆ ಬರೆದರೆ ಬರೆದವರೂ ಹಾಗೇ ಇರಬೇಕು ಎಂಬುದು ಸುಳ್ಳು. ಆದರೆ ಮೂರು ವರ್ಷ ಒಂದು ಪ್ರಶ್ನೆಯ ಹತ್ತಿರ ಕೂತವರಿಗೆ ಅದು ತಮ್ಮದೂ ಹೌದಾ ಎಂದು ಒಂದು ದಿನ ಅನಿಸಿದರೆ, ಅದೂ ಆಗುವಂಥದ್ದೇ. ಹೌದು ಅನಿಸಿದರೂ ಅಲ್ಲ ಅನಿಸಿದರೂ ಅವಸರ ಇಲ್ಲ. ಅಮ್ಮನಿಗೆ ‘ಗೊತ್ತಿಲ್ಲಮ್ಮ, ಬರೀತಿದೀನಿ’ ಎಂದರೂ ಅದು ನಿಜವಾದ ಉತ್ತರವೇ. ರಾತ್ರಿ ಹೊತ್ತು ತೀರಾ ಭಾರ ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ 3ನೇ ಅಧ್ಯಾಯದ ಅಜ್ಜಿ. ಇಡೀ ಹಸ್ತಪ್ರತಿಯಲ್ಲಿ ನನಗೆ ಜೀವಂತ ಕಂಡವರು ಅವರೇ. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾ, ಮೊಮ್ಮಗುವನ್ನು ನಿಮ್ಮ ಹುಬ್ಬಳ್ಳಿ ಕಡೆಯ ಹಾಗೆ ‘ಬಾ ನಮ್ಮಪ್ಪ, ಬಿಸೇದು ತಿನ್ನು ಬಾ’ ಎಂದು ಕರೆಯುತ್ತಾರೆ. ಆಮೇಲೆ ಅವರು ಕಥೆಯಿಂದಲೇ ಮಾಯ. ತೊಟ್ಟಿಲಿನಿಂದ ಎದ್ದ ಬೆಳಿಗ್ಗೆ ಇಳಾ ಕನ್ನಡಿ ಹತ್ತಿರ ಹೋಗುವುದು ಬೇಡ. ಆ ಒಲೆಯ ಹತ್ತಿರ ಹೋಗಲಿ. ಬಾಗಿಲಲ್ಲಿ ನಿಲ್ಲಲಿ. ಅಜ್ಜಿ ತಲೆ ಎತ್ತಿ ನೋಡಿ, ‘ಬಾ ನಮ್ಮ...’ ಎಂದು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಹತ್ತು ಪುಟ ಬರೆದು ಕಳಿಸಿ. ಓದುತ್ತೇನೆ.